ತಲೆಯ ಅಳತೆಯ ತಪ್ಪಲೆ

ಶಿವಮೊಗ್ಗದ ಪಾತ್ರೆ ಅಂಗಡಿಯಲ್ಲಿ ನಮ್ಮ ಶ್ರೀಮತಿಯವರು ನನ್ನ ತಲೆಗೆ ದಾರ ಸುತ್ತಿ, ಅದೇ ದಾರವನ್ನು ಒಂದೊಂದೇ ತಪ್ಪಲೆಗೆ ಸುತ್ತಿ ನೋಡುತ್ತಿದ್ದರು. ಮರುದಿನ ಭದ್ರಾವತಿಯಲ್ಲಿ ನಿವೃತ್ತರ ನಾಟಕ, ಅದರಲ್ಲಿ ನಾನು ಕಲೆಕ್ಟರ್. ಮಳೆಗೆ ನೆನೆದು ಕುಗ್ಗಿದ ಫೆಲ್ಟ್ ಹ್ಯಾಟು ತಾಲೀಮಿನಲ್ಲಿ ಬಾಗಿದಾಗಲೆಲ್ಲ ಉದುರುತ್ತಿತ್ತು; ಇನ್ನೊಮ್ಮೆ ಉದುರಿದರೆ ಪಾತ್ರ ಬೇರೆಯವರಿಗೆ ಎಂದು ನಿರ್ದೇಶಕರು ತೀರ್ಪಿತ್ತಿದ್ದರು.

"ಎಷ್ಟು ಜನಕ್ಕೆ ಅಡುಗೆ ಅಮ್ಮಾ?" ಎಂದ ಅಂಗಡಿಯವ.

"ಅಡುಗೆಗಲ್ಲ ಮಾರಾಯ್ರೆ, ಇವ್ರ ಹ್ಯಾಟು ಹಿಗ್ಗಿಸೋಕೆ. ಈ ತಲೆಯಷ್ಟೇ ದಪ್ಪದ್ದು ಕೊಡಿ."

ಇಡ್ಲಿ ಪಾತ್ರೆಯ ಹಬೆಯಲ್ಲಿ ಹ್ಯಾಟನ್ನು ಮೆತ್ತಗಾಗಿಸಿ ತಪ್ಪಲೆಗೆ ತೊಡಿಸಿದೆವು. ತಪ್ಪಲೆ ದುಂಡಗೆ, ನನ್ನ ತಲೆ ಉದ್ದ. ಹ್ಯಾಟು ಹಾಕಿ ನೋಡಿದರೆ ಕಿವಿಗಳ ಬಳಿ ಗಾಳಿಯಾಡಿತು. ಕೊನೆಗೆ ಶ್ರೀಮತಿ ಬಿಸಿ ಹ್ಯಾಟನ್ನು ನನ್ನ ತಲೆಗೇ ಒತ್ತಿ, ಆರುವವರೆಗೆ ಅಲುಗಾಡದಂತೆ ಕೂರಿಸಿದರು.

ನಾಟಕದಲ್ಲಿ ಎಷ್ಟು ಬಾಗಿದರೂ ಹ್ಯಾಟು ಕದಲಲಿಲ್ಲ. ಮೊದಲ ಸಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದವರನ್ನು ಕಂಡು, ಕಲೆಕ್ಟರ್‌ಗೆ ಸಲ್ಲದ ರೀತಿಯಲ್ಲಿ ನಕ್ಕುಬಿಟ್ಟೆ. ಆ ಚಪ್ಪಾಳೆ ನಮ್ಮ ಶ್ರೀಮತಿಯವರದು.