ಬಲಗಿವಿಯ ಎಂಜಿನ್

ಆ ಸದ್ದು ನನಗೆ ಮೊದಲು ಕೇಳಿಸಿದ್ದು ವಿಮಾನದಲ್ಲಲ್ಲ, ಜವನಗೊಂಡನಹಳ್ಳಿಯ ನಮ್ಮ ಹೊಲದ ಬದುವಿನ ಮೇಲೆ, ಮಟಮಟ ಮಧ್ಯಾಹ್ನ. ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಕುರಿಗಳು ಜಾಲಿಮರದ ನೆರಳಲ್ಲಿ ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅಪ್ಪ ಕಂಬಳಿ ಹಾಸಿ ಕೂತಿದ್ದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆಗ ಬಲಗಡೆಯಿಂದ, ಬಲು ದೂರದಲ್ಲಿ, ಎರಡು ಎಂಜಿನ್ನಿನ ವಿಮಾನವೊಂದು ಬರುತ್ತಿರುವುದು ಕೇಳಿಸಿತು.

ಎರಡು ಎಂಜಿನ್ ಎಂದು ಹೇಗೆ ಗೊತ್ತಾಯಿತೆಂದರೆ, ಆ ಸದ್ದಿಗೆ ಒಂದು ಅಲೆ ಇರುತ್ತದೆ. ಎರಡು ಪ್ರೊಪೆಲರ್‌ಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಕು, ವೊಂ... ವೊಂ... ಎಂದು ಏರಿ ಇಳಿಯುತ್ತದೆ. ಹನ್ನೆರಡು ವರ್ಷದಿಂದ ಅಂಥ ವಿಮಾನಗಳನ್ನೇ ಹಾರಿಸುತ್ತಿದ್ದ ನನಗೆ ಅದು ಮನೆಯವರ ದನಿಯಷ್ಟೇ ಪರಿಚಿತ.

ತಲೆ ಎತ್ತಿ ನೋಡಿದೆ. ಆಕಾಶದಲ್ಲಿ ಏನೂ ಇರಲಿಲ್ಲ.

“ಯಾವ್ದೋ ವಿಮಾನ ಬರ್ತಾ ಐತಲ್ಲಪ್ಪ?” ಎಂದೆ.

ಅಪ್ಪ ಮೇಲೆ ನೋಡಲಿಲ್ಲ, ಕುರಿಗಳ ಕಡೆ ನೋಡಿದರು. “ಇಲ್ಲ ಕಣಪ್ಪ. ಬಂದಿದ್ರೆ ಇವು ಕಿವಿ ನಿಗುರಿಸ್ತಿದ್ವು. ನಮಗಿಂತ ಮೊದ್ಲು ಇವಕ್ಕೆ ಗೊತ್ತಾಗ್ತೈತೆ.”

ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಸದ್ದು ನಿಲ್ಲಲಿಲ್ಲ, ಇನ್ನೂ ಹತ್ತಿರ ಬಂತು.

ಆಮೇಲೆ ಅದು ಎಲ್ಲೆಂದರಲ್ಲಿ ಕೇಳತೊಡಗಿತು. ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ, ಹೊಸದುರ್ಗದಲ್ಲಿ ಅಕ್ಕನ ತೆಂಗಿನ ತೋಟದಲ್ಲಿ ಅಡ್ಡಾಡುವಾಗ. ನಾನು ತಿರುಗಿದರೆ ಅದೂ ತಿರುಗುತ್ತಿತ್ತು. ಯಾವತ್ತೂ ನನ್ನ ಬಲಕ್ಕೇ, ಇನ್ನೇನು ತೆಂಗಿನ ಗರಿಗಳ ಮೇಲೆ ಕಾಣಿಸಿಕೊಳ್ಳುತ್ತದೆ ಎಂಬಂತೆ. ಕೆಲವು ಸಲ ಅರ್ಧ ಗಂಟೆ ಇದ್ದು ಹೋಗುತ್ತಿತ್ತು. ಅದು ಹೋದ ಮೇಲಿನ ಮೌನದಲ್ಲಿ, ಅಕ್ಕ ಬಲಗಡೆ ನಿಂತು ಮಾತಾಡಿದ್ದು ಅರ್ಧಂಬರ್ಧ ಕೇಳುತ್ತಿತ್ತು.

ಪೈಲಟ್‌ಗಳಿಗೆ ಇಂತಿಷ್ಟು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ಕಣ್ಣು, ಕಿವಿ, ಹೃದಯ, ರಕ್ತ ಎಲ್ಲ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಅದಿಲ್ಲದಿದ್ದರೆ ಲೈಸೆನ್ಸ್ ಇದ್ದೂ ಇಲ್ಲದಂತೆ. ನನ್ನ ಮುಂದಿನ ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿತ್ತು. ಪತ್ರದ ಅವಧಿ ಉಳಿದಿದ್ದರೂ, ಮೈಯಲ್ಲಿ ಏನೋ ಸರಿಯಿಲ್ಲ ಎಂದು ತನಗೇ ಗೊತ್ತಾದವನು ವಿಮಾನ ಹತ್ತಬಾರದು ಎಂಬುದು ನಿಯಮ. ಅದನ್ನು ಕಿರಿಯರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಆದರೂ ನೆಗಡಿ ಇರಬೇಕು ಎಂದುಕೊಂಡು ಹಾರಿಸುತ್ತಲೇ ಇದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಬೆಂಗಳೂರಿನಿಂದ ಖಾಲಿ ವಿಮಾನ ತೆಗೆದುಕೊಂಡು ಹುಬ್ಬಳ್ಳಿಗೆ ಹೊರಟಿದ್ದೆವು. ಸಹಪೈಲಟ್ ಹೊಳಲ್ಕೆರೆ ಕಡೆಯ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಹಾರುವಾಗ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ನೆಲದ ಮೇಲೆ ಮಾತ್ರ ಊರ ಭಾಷೆ.

ಹಿರಿಯೂರು ದಾಟಿದ ಮೇಲೆ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಕೆಳಗೆ ಕಾಣುತ್ತಿದ್ದವು. ಒಂದೂ ತಿರುಗುತ್ತಿರಲಿಲ್ಲ. ನೂರಾರು ಬಿಳಿ ರೆಕ್ಕೆಗಳು ನೆಟ್ಟಂತೆ ನಿಂತಿದ್ದವು. ಅದನ್ನೇ ನೋಡುತ್ತಿದ್ದಾಗ ವಿಮಾನದ ಮೂತಿ ಫಕ್ಕನೆ ಎಡಕ್ಕೆ ಎಳೆಯಿತು. ನನ್ನ ಬಲಗಾಲು ತಾನಾಗಿಯೇ ಪೆಡಲ್ ಒತ್ತಿ ಅದನ್ನು ನೇರ ಮಾಡಿತು. ಒಂದು ಎಂಜಿನ್ ಹೋಗಿತ್ತು.

ಬಲಗಿವಿಯಲ್ಲಿ ಆ ಸದ್ದು ಒಮ್ಮೆಲೇ ಉಬ್ಬಸ ಹತ್ತಿದಂತೆ ತಡವರಿಸಿತು. ಬಲಗಡೆಯದೇ ಹೋಗಿದೆ, ಎಂದುಕೊಂಡೆ. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಅದನ್ನು ಪೂರ್ತಿ ನಿಲ್ಲಿಸಲು ಕೈ ಬಲ ಎಂಜಿನ್ನಿನ ಲಿವರ್ ಹಿಡಿದಿತ್ತು.

“ಕೈ ತಡೀರಿ ಸರ್,” ಎಂದಳು, ಇಂಗ್ಲಿಷ್ ಬಿಟ್ಟು ಊರ ಭಾಷೆಯಲ್ಲೇ. ದನಿ ಏರಿರಲಿಲ್ಲ. “ಯಾವ ಕಾಲು ಒತ್ತಿದೀರಿ ನೋಡ್ಕಳ್ರಿ.”

“ಬಲಗಾಲು.”

“ಹಂಗಾದ್ರೆ ಹೋಗಿರೋದು ಎಡಗಡೇದು.”

ಎರಡು ಎಂಜಿನ್ನಿನ ವಿಮಾನ ಹಾರಿಸುವವನಿಗೆ ಮೊದಲ ಪಾಠವೇ ಅದು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ. ಎಡ ಎಂಜಿನ್ನಿನ ಮೀಟರಿನ ಮುಳ್ಳು ಕೂಡ ಸೊನ್ನೆ ತೋರಿಸುತ್ತಿತ್ತು. ಇನ್ನರ್ಧ ಕ್ಷಣ ಕಳೆದಿದ್ದರೆ ಇದ್ದ ಒಂದನ್ನೂ ನಾನೇ ಆರಿಸಿಬಿಡುತ್ತಿದ್ದೆ.

ಇಬ್ಬರೂ ಗಟ್ಟಿಯಾಗಿ ಹೇಳಿಕೊಂಡು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಿದ ಮೇಲೆ, ಎಡ ಎಂಜಿನ್ ನಿಲ್ಲಿಸಿದೆವು. ನನ್ನ ಪಕ್ಕದ ಕಿಟಕಿಯಾಚೆ ಪ್ರೊಪೆಲರ್ ನಿಧಾನವಾಗಿ ಸುತ್ತಿ, ಗಾಳಿಗೆ ಅಂಚು ಕೊಟ್ಟು ನಿಂತಿತು. ಅದರ ತುದಿಯ ಬಿಳಿ ಪಟ್ಟೆಗಳನ್ನೂ ಎಣಿಸಬಹುದಿತ್ತು.

ನನಗೆ ಮಾತ್ರ ಇನ್ನೂ ಎರಡು ಎಂಜಿನ್ ಕೇಳಿಸುತ್ತಿದ್ದವು. ವೊಂ... ವೊಂ... ಒಂದು ನಿಂತಮೇಲೆ ಆ ಅಲೆ ಇರಲು ಸಾಧ್ಯವೇ ಇಲ್ಲ. ನಿಂತ ಪ್ರೊಪೆಲರನ್ನು ನೋಡುತ್ತಲೇ ಕೇಳಿದೆ.

“ನಿಮಗೆ ಎಷ್ಟು ಎಂಜಿನ್ ಕೇಳಿಸ್ತಾ ಅವೆ?”

ಅವಳು ನನ್ನ ಮುಖ ನೋಡಿದಳು. “ಒಂದೇ ಸರ್. ಓಡ್ತಿರೋದೇ ಒಂದು.”

“ನೀವೇ ಹಾರಿಸ್ರಿ,” ಎಂದು ಕೈ ಕಾಲು ಎರಡೂ ತೆಗೆದೆ. ಬೆಂಗಳೂರಿಗೆ ಹಿಂತಿರುಗಿ ಅವಳೇ ಇಳಿಸಿದಳು. ನಾನು ತುರ್ತು ಕ್ರಮಗಳ ಪಟ್ಟಿ ಓದಿ ಹೇಳಿದೆ, ಅಷ್ಟೇ.

ವಿಮಾನ ನಿಂತ ಮೇಲೂ ಇಬ್ಬರೂ ಏಳಲಿಲ್ಲ. ಕೊನೆಗೆ ಅವಳೇ ಅಂದಳು: “ನಾನು ಕಂಡಿದ್ದನ್ನ ವರದೀಲಿ ನಾನು ಬರೀತೀನಿ ಸರ್. ನಿಮಗೇನು ಕೇಳಿಸ್ತು ಅನ್ನೋದು ನೀವೇ ಹೇಳ್ಬೇಕು. ಅದು ನಂಗೆ ಗೊತ್ತಾಗಲ್ವಲ್ರಿ.”

ಅವತ್ತೇ ವೈದ್ಯರಿಗೆ ಎಲ್ಲ ಹೇಳಿದೆ. ಹೇಳುವಾಗ ಭಯಕ್ಕಿಂತ ನಾಚಿಕೆಯೇ ಹೆಚ್ಚಿತ್ತು.

ಕಿವಿಯ ಪರೀಕ್ಷೆಗೆ ಸದ್ದು ಹೊಗದ ಸಣ್ಣ ಕೋಣೆಯಲ್ಲಿ ಕೂರಿಸುತ್ತಾರೆ. ಸದ್ದು ಕೇಳಿದಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಲಗಿವಿಯ ಸರದಿ ಬಂದಾಗ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಮೂರನೆಯ ಸಲ ಒತ್ತಿದಾಗ ಪರೀಕ್ಷೆ ಮಾಡುತ್ತಿದ್ದಾಕೆ ದಪ್ಪ ಬಾಗಿಲು ತೆಗೆದು ಮೆಲ್ಲಗೆ ಅಂದರು: “ಸರ್, ನಾನಿನ್ನೂ ಸದ್ದು ಬಿಟ್ಟೇ ಇಲ್ಲ.”

ಬಲಗಿವಿಯ ನರ ಸೊರಗಿತ್ತು. ಕೇಳದ ಕಿವಿ ತನಗೆ ಅಭ್ಯಾಸವಾದ ಸದ್ದನ್ನು ತಾನೇ ಹುಟ್ಟಿಸಿಕೊಳ್ಳುವುದುಂಟು, ಎಂದರು ವೈದ್ಯರು. ಮೊದಲು ತಾತ್ಕಾಲಿಕವಾಗಿ ಅನರ್ಹ ಎಂದು ಬರೆದರು. ಔಷಧಿ, ಮತ್ತೆ ಪರೀಕ್ಷೆ, ಮತ್ತೆ ವೈದ್ಯರ ಮಂಡಳಿ. ವರ್ಷ ತುಂಬುವ ಹೊತ್ತಿಗೆ ಆ ‘ತಾತ್ಕಾಲಿಕ’ ಎಂಬ ಪದ ಪತ್ರದಿಂದ ಹೋಗಿತ್ತು. ಹೊಸದುರ್ಗಕ್ಕೆ ಹೋಗಿ ಅಕ್ಕನಿಗೆ ಹೇಳಿದಾಗ ಅವಳು “ಜೀವ ಐತಲ್ಲಪ್ಪ, ಊಟ ಮಾಡು ಬಾ” ಎಂದಳು. ಉಂಡೆ. ಅತ್ತಿದ್ದು ಆಮೇಲೆ, ಕೈ ತೊಳೆಯುವಾಗ.

ಈಗ ಸಿಮ್ಯುಲೇಟರಿನಲ್ಲಿ, ನೆಲ ಬಿಡದ ಆ ನಕಲಿ ಕಾಕ್‌ಪಿಟ್ಟಿನಲ್ಲಿ, ಪಾಠ ಮಾಡುತ್ತೇನೆ. ಹೋದ ವಾರ ಇಬ್ಬರು ಪೈಲಟ್‌ಗಳು ಬಂದಿದ್ದರು. ಇಬ್ಬರ ವೈದ್ಯಕೀಯ ಪತ್ರವೂ ಹೊಚ್ಚ ಹೊಸದು, ಒಂದು ಕೊರತೆಯೂ ಇಲ್ಲ. ಹಿಂದೆ ಕೂತು ಗುಂಡಿಯೊತ್ತಿ ಎಡ ಎಂಜಿನ್ ಕೆಡಿಸಿದೆ. ಕ್ಯಾಪ್ಟನ್ನನ ಬಲಗಾಲು ಸರಿಯಾಗಿಯೇ ಒತ್ತಿತು. ಕೈ ಮಾತ್ರ ಬಲದ ಲಿವರ್ ಎಳೆದುಬಿಟ್ಟಿತು, ಓಡುತ್ತಿದ್ದ ಒಂದೂ ನಿಂತಿತು. ಪಕ್ಕದವನು ಅದನ್ನು ನೋಡಿದ. ಬಾಯಿ ತೆರೆದ, ಏನೂ ಹೇಳಲಿಲ್ಲ. ಪರದೆಯ ಮೇಲೆ ಹೊಲಗಳು ಸದ್ದಿಲ್ಲದೆ ಮೇಲೇರಿ ಬಂದವು. ನಾನು ಕೊನೆಯವರೆಗೂ ನಿಲ್ಲಿಸಲಿಲ್ಲ. ದೀಪ ಹಾಕಿದಾಗ ಆ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು.