ಆಷಾಢದಲ್ಲಿ ಆರದ ಒಲೆ

ನಾನು ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲಿ. ನನ್ನ ಮದುವೆಯೇ ಆಷಾಢ ಅಡ್ಡ ಬಂತೆಂದು ಒಂದು ತಿಂಗಳು ಮುಂದಕ್ಕೆ ಹೋಗಿತ್ತು. ಆಷಾಢ ಬಂದರೆ ಛತ್ರಗಳಲ್ಲಿ ಒಲೆ ಹೊತ್ತುವುದಿಲ್ಲ, ಓಲಗದವರು ಮನೆಯಲ್ಲಿ ಕಾಲು ಚಾಚಿ ಕೂರುತ್ತಾರೆ, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ನೊಣ ಹೊಡೆಯುತ್ತಾರೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದ ನಾನು, ಮದುವೆ ಛತ್ರದಲ್ಲಿ ಉಳಿದ ಅನ್ನ, ಹುಳಿ, ಪಲ್ಯದಿಂದ ಅಡುಗೆ ಅನಿಲ ತಯಾರಿಸುವ ಸ್ಥಾವರವೊಂದನ್ನು ಕಟ್ಟಿಸುವಾಗ ಆಷಾಢವನ್ನು ಮರೆತುಬಿಟ್ಟೆ.

ನನ್ನ ಸಂಶೋಧನೆ ಜೈವಿಕ ಇಂಧನದ್ದು. ವಿಷಯ ದೊಡ್ಡದಲ್ಲ. ಊರಿನ ಹಸಿ ಕಸವನ್ನು ಲಾರಿಯಲ್ಲಿ ತುಂಬಿ ಊರಾಚೆ ಸುರಿದರೆ ಅದು ಕೊಳೆತು ಮೀಥೇನ್ ಬಿಡುತ್ತದೆ, ಭೂಮಿ ಬಿಸಿಯಾಗುತ್ತದೆ. ಅದನ್ನೇ ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ ಅನಿಲವನ್ನು ಹಿಡಿದಿಟ್ಟರೆ ಒಲೆ ಉರಿಯುತ್ತದೆ. ಇಷ್ಟನ್ನು ಹೇಳಲು ನಾವು ನೂರಾರು ಪುಟ ಬರೆಯುತ್ತೇವೆ, ಅದು ಬೇರೆ ಮಾತು. ಚಾಮರಾಜಪೇಟೆಯ ಒಂದು ಹಳೆಯ ಛತ್ರದವರು ಹಿತ್ತಿಲಿನಲ್ಲಿ ಜಾಗ ಕೊಟ್ಟರು. ಮದುವೆಗಳ ಭರಾಟೆಯಲ್ಲಿ ದಿನವೂ ಹೋಗಿ ಉಳಿದ ಊಟವನ್ನು ತೂಗಿದೆ, ಸರಾಸರಿ ತೆಗೆದೆ, ಹನ್ನೆರಡು ತಿಂಗಳಿಗೂ ಅದನ್ನೇ ಹಂಚಿದೆ. ಪಂಚಾಂಗ ಅಡುಗೆಮನೆಯ ಮೊಳೆಗೆ ನೇತುಹಾಕುವ ವಸ್ತು, ಅದಕ್ಕೂ ಕಛೇರಿಗೂ ಸಂಬಂಧವಿಲ್ಲ ಎಂದು ನನ್ನ ತಲೆಯಲ್ಲಿ ಯಾವಾಗಲೋ ಕೂತುಬಿಟ್ಟಿತ್ತು.

ಆ ಛತ್ರದಲ್ಲಿ ಎಲೆ ಎತ್ತಿ ಪಾತ್ರೆ ತೊಳೆಯುವ ಕೆಲಸ ಒಬ್ಬ ಹೆಂಗಸಿನದು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವರ ಮನೆ ಛತ್ರದ ಹಿಂದಿನ ಬೀದಿಯಲ್ಲೇ. ತೊಟ್ಟಿಗೆ ದಿನವೂ ಹಾಕುವ ಜವಾಬ್ದಾರಿ ಅವರಿಗೆ ಬಂತು. ನಾನು ಬಣ್ಣಬಣ್ಣದ ಪಟ ತೂಗುಹಾಕಿ, ಏನು ಹಾಕಬೇಕು, ಏನು ಹಾಕಬಾರದು ಎಂದು ಒಂದು ಗಂಟೆ ಪಾಠ ಮಾಡಿದೆ. ನನಗೆ ಪಾಠ ಮಾಡುವ ಚಟ ಸ್ವಲ್ಪ ಜಾಸ್ತಿ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿದರು. ಕೊನೆಗೆ ಒಂದೇ ಮಾತು ಹೇಳಿದರು.

"ಗೊತ್ತಾಯ್ತು ಮೇಡಂ. ಇದೊಂದು ಹೊಟ್ಟೆ."

ನಾನು ನಕ್ಕುಬಿಟ್ಟೆ. ಆದರೆ ಮೊದಲ ದೊಡ್ಡ ಮದುವೆ ಮುಗಿದ ಮೇಲೆ ಅವರೇ ಸರಿ ಎಂದು ಗೊತ್ತಾಯಿತು. ಉಳಿದ ಪಾಯಸ, ಅನ್ನ ಎಲ್ಲವನ್ನೂ ಒಂದೇ ಸಲ ಹಾಕಿಸಿದವಳು ನಾನು. ಮೂರನೆಯ ದಿನಕ್ಕೆ ಒಲೆ ಸಣ್ಣಗಾಗಿ ನಂದಿಹೋಯಿತು. ತೊಟ್ಟಿಯಿಂದ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ನಾನು ಪುಸ್ತಕ ತೆರೆದು, ಆ ಹುಳಿ ಮುರಿಯಲು ಎಷ್ಟು ಸುಣ್ಣ ಬೇಕೆಂದು ಲೆಕ್ಕ ಹಾಕುತ್ತ ಕೂತೆ. ಅವರು ಮುಚ್ಚಳದ ಹತ್ತಿರ ಬಗ್ಗಿ ಮೂಸಿ ನೋಡಿ ಹೇಳಿದರು:

"ಅಜೀರ್ಣ ಆಗಿದೆ. ಪಾಯಸ ಜಾಸ್ತಿ ಆಯ್ತು. ನಾಲ್ಕು ದಿನ ಉಪವಾಸ ಹಾಕಿ, ಆಮೇಲೆ ಒಂಚೂರು ಸಗಣಿ ನೀರು ಕೊಡಿ."

ನಾಲ್ಕು ದಿನ ಉಪವಾಸ ಹಾಕಿದೆವು. ಸಗಣಿ ನೀರು ಕೊಟ್ಟೆವು. ಒಲೆ ಮತ್ತೆ ಹೊತ್ತಿತು. ನಾನು ನನ್ನ ಟಿಪ್ಪಣಿಯಲ್ಲಿ 'ಪೂರೈಕೆ ಸ್ಥಗಿತಗೊಳಿಸಿ ಸೂಕ್ಷ್ಮಜೀವಿಗಳ ಸಮತೋಲನ ಮರಳಿಸಲಾಯಿತು' ಎಂದು ಬರೆದುಕೊಂಡೆ. ಯಾರು ಮರಳಿಸಿದರು ಎಂಬುದನ್ನು ಬರೆಯಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಸ್ಥಾವರ ಚೆನ್ನಾಗಿ ನಡೆಯಿತು. ಛತ್ರದ ಅಡುಗೆಮನೆಯ ಮೂಲೆಯ ಒಂದು ಒಲೆ ಪೂರ್ತಿ ಈ ಅನಿಲದಿಂದಲೇ ಉರಿಯುತ್ತಿತ್ತು. ಕಾಫಿಗೆ ಹಾಲು ಕಾಯುವುದು, ಒಗ್ಗರಣೆ ಸಿಡಿಯುವುದು ಎಲ್ಲ ಅದರ ಮೇಲೆ. ಆ ಹೊತ್ತಿಗೆ ಊರಿನ ಹಸಿ ಕಸದ ನೀತಿಯನ್ನು ತಿದ್ದಲು ಒಂದು ತಜ್ಞರ ಸಮಿತಿ ಕೂತಿತ್ತು. ಛತ್ರಗಳಲ್ಲೆಲ್ಲ ಇಂಥ ಸ್ಥಾವರ ಇರಬೇಕು ಎಂದು ನೀತಿಯಲ್ಲಿ ಬರೆಯಬೇಕೋ ಬೇಡವೋ ಎನ್ನುವುದಕ್ಕೆ ನನ್ನ ವರದಿಯನ್ನು ಕೇಳಿದರು. ಇಪ್ಪತ್ತು ವರ್ಷ ಕಪಾಟಿನಲ್ಲಿ ಕೂರುವ ವರದಿಗಳನ್ನೇ ಬರೆದವಳಿಗೆ ಇದು ಎಂಥ ಅವಕಾಶ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ವರದಿ ಅರ್ಧ ಆಗಿದ್ದಾಗ ಒಂದು ತಿಂಗಳ ಕಾರ್ಯಾಗಾರಕ್ಕೆ ದೆಹಲಿಗೆ ಹೋದೆ. ಹವಾಮಾನ ನೀತಿಯ ಬಗ್ಗೆ ದಿನವಿಡೀ ಭಾಷಣ, ಸಂಜೆ ಅಮ್ಮನ ಫೋನು. ಒಂದು ಸಂಜೆ ಅಮ್ಮ ಹೇಳಿದಳು:

"ನಿನ್ನ ಛತ್ರಕ್ಕೆ ಹೋಗಿದ್ದೆ ಕಣೇ. ಆಷಾಢದ ಸೀರೆ ಸೇಲ್ ಹಾಕಿದಾರೆ. ನಿನಗೂ ಒಂದು ತಗೊಂಡಿದೀನಿ, ಹಸಿರುದು."

ಆಷಾಢ. ಮದುವೆ ಇಲ್ಲ, ಊಟವಿಲ್ಲ, ತೊಟ್ಟಿಗೆ ಹಾಕಲು ಒಂದು ಅಗುಳೂ ಇಲ್ಲ. ಹಸಿರು ಸೀರೆಯ ಅಂಚು ಯಾವ ಬಣ್ಣ ಎಂದು ಅಮ್ಮ ವಿವರಿಸುತ್ತಿದ್ದಳು, ನಾನು ಹೂಂಗುಟ್ಟುತ್ತ ಕಂಪ್ಯೂಟರ್ ತೆರೆದೆ. ಛತ್ರದ ಮೀಟರು ಪ್ರತಿದಿನ ಉರಿದ ಅನಿಲದ ಅಳತೆಯನ್ನು ತಾನೇ ಕಳಿಸುತ್ತಿತ್ತು, ನಾನು ನೋಡಿರಲಿಲ್ಲ. ಗೆರೆ ನೆಲಕ್ಕೆ ಬಿದ್ದಿರುತ್ತದೆ ಎಂದುಕೊಂಡಿದ್ದೆ. ಬಿದ್ದಿರಲಿಲ್ಲ. ಸ್ವಲ್ಪ ಇಳಿದಿತ್ತು, ಆದರೆ ದಿನವೂ ಒಂದೇ ಸಮ ನಡೆದಿತ್ತು.

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಆಹಾರವಿಲ್ಲದೆಯೂ ಅನಿಲ ಬರುತ್ತಿದೆ ಎಂದರೆ ಅದು ನನ್ನ ತೊಟ್ಟಿಯ ವಿನ್ಯಾಸದ ಹೆಚ್ಚುಗಾರಿಕೆ ಎಂದು ತೀರ್ಮಾನಿಸಿದೆ. ಒಳಗಿನ ತಡೆಗೋಡೆಗಳನ್ನು ನಾನೇ ಯೋಚಿಸಿ ಹಾಕಿಸಿದ್ದೆ. ಅವು ಹಳೆಯ ಆಹಾರವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತಿವೆ ಎಂದು ಆ ವಾರವೇ ನಾಲ್ಕು ಪುಟ ಬರೆದೆ. 'ಮದುವೆಗಳಿಲ್ಲದ ತಿಂಗಳುಗಳಲ್ಲಿಯೂ ಸ್ಥಾವರ ತನ್ನಷ್ಟಕ್ಕೆ ನಡೆಯಬಲ್ಲದು' ಎಂದು ದಪ್ಪ ಅಕ್ಷರದಲ್ಲಿ ಹಾಕಿ ಕಳಿಸಿದೆ. ಸಮಿತಿಯ ಅಧ್ಯಕ್ಷರು ಫೋನ್ ಮಾಡಿ, "ಈ ಒಂದು ಅಂಶ ಸಾಕು ಮೇಡಂ, ಇದರ ಮೇಲೇ ನೀತಿ ಬರೀಬಹುದು" ಎಂದರು. ಮುಂದಿನ ವಾರ ಸ್ಥಳಕ್ಕೆ ಬರುತ್ತೇವೆ ಎಂದೂ ಹೇಳಿದರು. ನನಗೆ ಕೋಡು ಮೂಡುವುದೊಂದು ಬಾಕಿ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಛತ್ರಕ್ಕೆ ಹೋದೆ. ಆಷಾಢ ಇನ್ನೂ ಒಂದು ವಾರ ಇತ್ತು. ಮಂಟಪ ಹಾಕುವ ಜಾಗದಲ್ಲಿ ಸೀರೆಗಳ ಸಾಲು. ಹಿತ್ತಿಲಿಗೆ ಹೋದರೆ ಆ ಹೆಂಗಸು ಗೇಟು ತಳ್ಳಿಕೊಂಡು ಒಳಗೆ ಬರುತ್ತಿದ್ದಾರೆ. ಎರಡೂ ಕೈಯಲ್ಲಿ ಮುಚ್ಚಳದ ಬಕೆಟ್ಟು. ಬೆವರಿದ್ದರು. ನನ್ನನ್ನು ಕಂಡು ಬಕೆಟ್ಟು ಇಳಿಸಿ, "ಬನ್ನಿ ಮೇಡಂ, ಯಾವಾಗ ಬಂದ್ರಿ?" ಎಂದರು.

"ಏನಿದು?"

"ಗಂಜಿ. ಇದು ಬಿರಿಯಾನಿ ಅಂಗಡೀದು. ಅವರು ಅಕ್ಕಿ ಅರ್ಧ ಬೇಯಿಸಿ ನೀರು ಬಸೀತಾರಲ್ಲ, ಅದು. ಬರೀ ಅನ್ನದ ನೀರೇ ಮೇಡಂ, ಬೇರೆ ಏನೂ ಇಲ್ಲ, ನಾನು ನಿಂತು ಬಸಿಸ್ಕೊಂಡು ಬರ್ತೀನಿ. ಇದು ಇಡ್ಲಿ ಹೋಟೆಲಿಂದು, ತರಕಾರಿ ಸಿಪ್ಪೆ, ಮಿಕ್ಕಿದ ಹಿಟ್ಟು."

"ದಿನಾ ತರ್ತೀರಾ?"

"ಮತ್ತೆ? ಮದುವೆ ಇಲ್ವಲ್ಲ."

ಅವರು ಬಕೆಟ್ಟಿನಲ್ಲಿ ಬೆರಳು ಅದ್ದಿ ಬಿಸಿ ನೋಡಿದರು. ಇನ್ನೂ ಆರಬೇಕು, ಸುಡುಸುಡು ಹಾಕಿದರೆ ಒಳಗಿರುವುದೆಲ್ಲ ಸತ್ತು ಹೋಗುತ್ತದೆ ಎಂದು ನಾನು ಪಾಠದಲ್ಲಿ ಹೇಳಿದ್ದನ್ನು ನನಗೇ ಹೇಳಿದರು. ಆರುವ ತನಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತೆವು. ತಿಂಗಳ ಕಥೆಯನ್ನು ಅವರು ಏನೂ ವಿಶೇಷವಿಲ್ಲವೆಂಬಂತೆ ಹೇಳಿದರು. ಮದುವೆ ನಿಂತ ಎರಡನೆಯ ದಿನ ಒಲೆ ಸಣ್ಣಗಾಯಿತಂತೆ. ನನಗೆ ಫೋನ್ ಮಾಡೋಣವೆಂದುಕೊಂಡರಂತೆ, ದೂರದೂರಿನಲ್ಲಿ ಇದ್ದವಳಿಗೆ ಯಾಕೆ ಗಾಬರಿ ಎಂದು ಬಿಟ್ಟರಂತೆ. ಆಮೇಲೆ ಬೆಳಿಗ್ಗೆ ಎರಡು ಬೀದಿ ಸುತ್ತಿ, ಎರಡು ಕಡೆ ಮಾತಾಡಿ, ಗಂಜಿ ಗೊತ್ತು ಮಾಡಿಕೊಂಡರು. ಬಂದ ಅನಿಲ ಸುಮ್ಮನೆ ಹೋಗಬಾರದೆಂದು ಸೀರೆ ಮಾರುವವರಿಗೆ ದಿನಕ್ಕೆ ಮೂರು ಸಲ ಅದೇ ಒಲೆಯಲ್ಲಿ ಟೀ ಕಾಯಿಸಿಕೊಟ್ಟರು. ದೆಹಲಿಯಲ್ಲಿ ಕೂತು ನಾನು ಮೆಚ್ಚಿಕೊಂಡ ಗೆರೆ ಅದು.

"ಆಷಾಢದಲ್ಲಿ ನಿಮಗೆ ಇಲ್ಲಿ ಕೆಲಸ ಇರಲ್ಲ ಅಲ್ವಾ?" ಎಂದೆ.

"ಇರಲ್ಲ. ಬೇರೆ ಎರಡು ಮನೆ ಕೆಲಸ ಇದೆ."

"ಮತ್ತೆ ಇದ್ಯಾಕೆ ಮಾಡಿದ್ರಿ? ಯಾರೂ ಹೇಳಿರಲಿಲ್ವಲ್ಲ."

ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಹೊಟ್ಟೆ ಅಂದ್ಮೇಲೆ ಆಷಾಢ ಅಂತ ಬಿಡಕ್ಕಾಗತ್ತಾ ಮೇಡಂ?"

ಗಂಜಿ ಆರಿತ್ತು. ಎದ್ದು ಹೋಗಿ ಸ್ವಲ್ಪ ಸ್ವಲ್ಪವಾಗಿ ಸುರಿದರು. ಬಿರಿಯಾನಿ ಅಂಗಡಿಯ ವಿಷಯ ಶ್ರಾವಣದಲ್ಲಿ ಬರುವ ಮಡಿ ಅಡುಗೆಯವರಿಗೆ ಮಾತ್ರ ಹೇಳಬೇಡಿ ಎಂದು ನಗುತ್ತ ಕೇಳಿಕೊಂಡರು. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇಲ್ಲಿಯೂ ಯಾವ ಛತ್ರ ಎಂದು ಹೇಳಿಲ್ಲ, ಗಮನಿಸಬೇಕು.

ಅಲ್ಲಿಂದ ಮನೆಗೆ ನಡೆದುಕೊಂಡೇ ಬಂದೆ. ಆ ದಾರಿಯಲ್ಲಿ ನನ್ನ ತಲೆಗೆ ಬಂದ ಯೋಚನೆಗಳೆಲ್ಲ ಒಳ್ಳೆಯವಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ವರದಿ ಆಗಲೇ ಹೋಗಿದೆ, ಅಧ್ಯಕ್ಷರು ಮೆಚ್ಚಿದ್ದಾರೆ, ತಡೆಗೋಡೆಗಳಿಂದಲೂ ಸ್ವಲ್ಪ ಪ್ರಯೋಜನ ಇದ್ದೇ ಇರುತ್ತದೆ, ಒಂದು ಅಡಿಟಿಪ್ಪಣಿ ಹಾಕಿದರೆ ಸಾಲದೇ ಎಂದೆಲ್ಲ ಅನ್ನಿಸಿತು. ಈಗ ತಿದ್ದಿದರೆ ಸಮಿತಿ ಇಡೀ ಯೋಜನೆಯನ್ನೇ ಕೈಬಿಡಬಹುದಿತ್ತು. ತಿದ್ದದಿದ್ದರೆ ಊರಿನ ಎಷ್ಟೋ ಛತ್ರಗಳಲ್ಲಿ ತೊಟ್ಟಿ ಕಟ್ಟುತ್ತಾರೆ, ಮುಂದಿನ ಆಷಾಢಕ್ಕೆ ಒಂದೊಂದಾಗಿ ಎಲ್ಲವೂ ಸಾಯುತ್ತವೆ, ಆಮೇಲೆ ಇಂಥದ್ದನ್ನು ಇನ್ನು ಯಾರೂ ನಂಬುವುದಿಲ್ಲ. ಮನೆಗೆ ಬಂದಾಗ ಅಮ್ಮ ಹಸಿರು ಸೀರೆ ಬಿಚ್ಚಿ ತೋರಿಸಿದಳು. ನಾನು ಅಳುತ್ತಿದ್ದೆ. ಸೀರೆ ಅಷ್ಟೊಂದು ಕೆಟ್ಟದಾಗಿದೆಯೇ ಎಂದು ಕೇಳಿದಳು.

ಸಮಿತಿಯವರು ಬಂದ ದಿನ ಹಿತ್ತಿಲಿನಲ್ಲಿ ಕುರ್ಚಿ ಹಾಕಿಸಿದ್ದೆ. ಅವರು ಕೂರುವ ಮೊದಲೇ ಹೇಳಿಬಿಟ್ಟೆ. "ಆ ನಾಲ್ಕು ಪುಟ ತಪ್ಪು. ಈ ತೊಟ್ಟಿ ತನ್ನಷ್ಟಕ್ಕೆ ನಡೆದಿಲ್ಲ. ಇವರು ನಡೆಸಿದ್ದಾರೆ" ಎಂದು ಆ ಹೆಂಗಸನ್ನು ಮುಂದೆ ಕರೆದೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತರು. ಅಧ್ಯಕ್ಷರ ಮುಖ ಸಪ್ಪಗಾಯಿತು.

"ಹಾಗಾದ್ರೆ ನಿಮ್ಮ ವಿನ್ಯಾಸದಿಂದ ಏನು ಉಪಯೋಗ ಆಯ್ತು ಮೇಡಂ?"

"ಒಲೆ ಉರಿಯತ್ತೆ ಸರ್. ಆದರೆ ವರ್ಷಪೂರ್ತಿ ನೋಡ್ಕೊಳ್ಳೋರು ಒಬ್ಬರು ಇದ್ರೆ ಮಾತ್ರ."

ಅಧ್ಯಕ್ಷರು ನನ್ನನ್ನು ಬಿಟ್ಟು ಆ ಹೆಂಗಸಿನ ಕಡೆ ತಿರುಗಿದರು. ಏನು ಹಾಕುತ್ತೀರಿ, ಎಷ್ಟು ಹಾಕುತ್ತೀರಿ, ಎಷ್ಟಾಯಿತೆಂದು ಹೇಗೆ ತಿಳಿಯುತ್ತದೆ ಎಂದು ಒಂದೊಂದೇ ಕೇಳಿದರು. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಉರಿಯ ಬಣ್ಣ ನೋಡಿ ಹೇಳುವುದು, ವಾಸನೆ ನೋಡಿ ಹೇಳುವುದು, ಹಬ್ಬದ ಮರುದಿನ ಯಾಕೆ ಕಡಿಮೆ ಹಾಕಬೇಕು, ಹಲಸಿನ ಹಣ್ಣಿನ ಕಾಲದಲ್ಲಿ ಯಾಕೆ ಹುಷಾರಾಗಿರಬೇಕು. ಅದರಲ್ಲಿ ಅರ್ಧ ನನಗೇ ಹೊಸದು. ನಾನು ಕುರ್ಚಿ ಎಳೆದುಕೊಂಡು ಬರೆದುಕೊಳ್ಳತೊಡಗಿದೆ. ಬಂದವರೂ ಬರೆದುಕೊಳ್ಳುತ್ತಿದ್ದರು. ಹೋಗುವಾಗ ಎಲ್ಲರೂ ಆ ಒಲೆಯ ಮೇಲೆ ಕಾಸಿದ ಹಾಲಿನ ಕಾಫಿ ಕುಡಿದರು. ವರದಿಯನ್ನು ಮತ್ತೆ ಬರೆದುಕೊಡಿ ಎಂದು ಅಧ್ಯಕ್ಷರು ಹೇಳಿದರು. ಬೇಡ ಎನ್ನಲಿಲ್ಲ, ಅಷ್ಟೇ ನನಗೆ ಸಾಕಾಗಿತ್ತು.

ಮತ್ತೆ ಬರೆದೆ. ನಾಲ್ಕು ಪುಟ ಕಿತ್ತುಹಾಕಿದೆ. ಆ ಜಾಗದಲ್ಲಿ, ಪ್ರತಿ ಸ್ಥಾವರಕ್ಕೂ ಸಂಬಳದ ಒಬ್ಬ ಪಾಲಕರು ವರ್ಷದ ಹನ್ನೆರಡು ತಿಂಗಳೂ ಇರಬೇಕು, ಆಷಾಢಕ್ಕೂ ಪುಷ್ಯಕ್ಕೂ ಸುತ್ತಮುತ್ತಲ ಹೋಟೆಲುಗಳ ಗಂಜಿಯನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು ಎಂದು ಬರೆದೆ. ಲೇಖಕರ ಹೆಸರಿನ ಜಾಗದಲ್ಲಿ ನನ್ನ ಹೆಸರಿನ ಪಕ್ಕ ಅವರ ಹೆಸರು ಹಾಕಿದೆ. ನಮ್ಮ ಸಂಸ್ಥೆಯಲ್ಲಿ ಕೆಲವರು ಕೃತಜ್ಞತೆಯ ಪುಟದಲ್ಲಿ ಹಾಕಿದರೆ ಸಾಕಲ್ಲ ಎಂದರು. ಕೃತಜ್ಞತೆ ನನಗೆ ಬೇಕಾದಷ್ಟಿದೆ, ಅದನ್ನು ಅವರ ಮುಂದೆಯೇ ಹೇಳುತ್ತೇನೆ, ಇದು ಕೆಲಸದ ಮಾತು ಎಂದೆ. ಸ್ವಲ್ಪ ಜೋರಾಗಿಯೇ ಎಂದಿರಬೇಕು, ಮತ್ತೆ ಯಾರೂ ಕೇಳಲಿಲ್ಲ.

ಕಳಿಸುವ ಹಿಂದಿನ ದಿನ ಕರಡನ್ನು ತೆಗೆದುಕೊಂಡು ಛತ್ರಕ್ಕೆ ಹೋದೆ. ಆ ಬೆಳಿಗ್ಗೆ ಒಂದು ಮದುವೆ ಮುಗಿದಿತ್ತು. ಅವರು ಅನ್ನ ಬೇರೆ, ನಿಂಬೆ ಸಿಪ್ಪೆ ಬೇರೆ ಮಾಡುತ್ತ ಕೂತಿದ್ದರು. ನಾನು ಮೊದಲ ಪುಟ ಹಿಡಿದು ತೋರಿಸಿದೆ. ಕೈ ತೊಳೆದುಕೊಂಡು ಬಂದು, ತಮ್ಮ ಹೆಸರನ್ನು ಓದಿಕೊಂಡರು. ನಾನು ಹೇಳಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ನೀವಿಲ್ಲದಿದ್ದರೆ ನನ್ನ ಕೆಲಸವೇ ಸತ್ತುಹೋಗುತ್ತಿತ್ತು ಎಂದಷ್ಟೇ ಹೇಳಿದೆ.

"ಒಳಗೆ ಏನು ಬರ್ದಿದೀರ ಓದಿ" ಎಂದರು.

ಓದಿದೆ. ಆಷಾಢ, ಪುಷ್ಯ ಎನ್ನುವಲ್ಲಿ ಕೈ ಎತ್ತಿ ನಿಲ್ಲಿಸಿದರು.

"ಅಧಿಕ ಮಾಸ ಎಲ್ಲಿ?"

ನಾನು ನಾಲಿಗೆ ಕಚ್ಚಿಕೊಂಡೆ.

"ಪಿತೃಪಕ್ಷಾನೂ ಬಿಟ್ಟಿದೀರ" ಎಂದರು. ನನ್ನ ಪಕ್ಕ ಕಲ್ಲಿನ ಮೇಲೆ ಕೂತು, ಒದ್ದೆ ಬೆರಳು ತಾಗದ ಹಾಗೆ ಆ ಸಾಲನ್ನು ತೋರಿಸಿದರು. "ಎರಡೂ ಸೇರಿಸಿ ಮೇಡಂ. ಈಗ ನನ್ನ ಹೆಸರೂ ಇದೆಯಲ್ಲ. ತಪ್ಪಾದ್ರೆ ನನ್ನನ್ನೂ ಕೇಳ್ತಾರೆ."

ನಾನು ಪೆನ್ನು ತೆಗೆದು ಎರಡನ್ನೂ ಬರೆದೆ. ಸರಿಯಾಗಿದೆಯೇ ಎಂದು ಅವರಿಗೆ ಇನ್ನೊಮ್ಮೆ ಓದಿ ಹೇಳಿದೆ.