ದೊರೆಸಾನಿಯ ತಾಯಿಯನ್ನು ಕರೆದ ಸಂಜೆ

ನಾನು ಚಿಕ್ಕವನಿದ್ದಾಗ ಕಳಸ ಊರಿನ ಮೇಲಿನ ಗುಡ್ಡದ ಕಾಫಿ ತೋಟದಲ್ಲಿ ಐರ್ಲೆಂಡಿನಿಂದ ಬಂದ ಹೆಂಗಸೊಬ್ಬರಿದ್ದರು. ತೋಟದವರೆಲ್ಲ ಅವರನ್ನು ದೊರೆಸಾನಿ ಎನ್ನುತ್ತಿದ್ದರು. ಅಪ್ಪ ಅವರ ಬಂಗಲೆಯ ಅಡುಗೆಯವರು. ಅಕ್ಕನೂ ನಾನೂ ಶಾಲೆ ಬಿಟ್ಟೊಡನೆ ಅಲ್ಲಿಗೇ ಹೋಗುತ್ತಿದ್ದೆವು.

ದೊರೆಸಾನಿಯ ಅಜ್ಜಿಯ ಕಾಲದಲ್ಲಿ ಅವರ ದೇಶದ ಆಲೂಗಡ್ಡೆಯೆಲ್ಲ ಮಣ್ಣಿನೊಳಗೇ ಕೊಳೆತುಹೋಗಿತ್ತಂತೆ. ಹಸಿದ ಜನ ಹಡಗು ಹತ್ತಿ ಸಿಕ್ಕಿದ ದೇಶಕ್ಕೆ ಹೋದರಂತೆ. ಆಮೇಲೆ ಬೆಳೆ ಬಂದರೂ ಊರು ಬಿಡುವುದು ನಿಲ್ಲಲಿಲ್ಲ. ಹಾಗೆ ಗಂಡನ ಜೊತೆ ಇಲ್ಲಿಗೆ ಬಂದವರು ಇವರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು.

ಚಳಿ ಶುರುವಾಗುವ ಹೊತ್ತಿಗೆ ಅವರಲ್ಲಿ ಸತ್ತವರ ಹಬ್ಬ. ಆ ವರ್ಷ ಐರ್ಲೆಂಡಿನಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಹಬ್ಬದ ಸಂಜೆ ದೊರೆಸಾನಿ ತಾಯಿಗೆಂದು ಬೆಂಕಿಯ ಹತ್ತಿರ ಖಾಲಿ ಕುರ್ಚಿ ಹಾಕಿ, ಬೇಯಿಸಿದ ಆಲೂಗಡ್ಡೆ, ಹಾಲು ಇಟ್ಟು ಮುಂಬಾಗಿಲು ತೆರೆದಿಟ್ಟರು. ಹಸಿ ಸೌದೆಯ ಹೊಗೆ ಕೋಣೆ ತುಂಬಿತ್ತು. ಅಪ್ಪ ಆ ಎಡೆಯನ್ನು ನೋಡಿ, ಎಲ್ಲರನ್ನೂ ಜಗಲಿಗೆ ಕರೆದು, ಬಾಗಿಲು ಎಳೆದುಕೊಂಡರು.

"ಯಾಕೆ ಹಾಕಿದೆ ಮಾರಾಯ?" ದೊರೆಸಾನಿ ಬಾಗಿಲಿಗೆ ಕೈ ಚಾಚಿದರು.

"ಹಿರಿಯರು ಉಣ್ಣುವಾಗ ನಾವು ನೋಡಬಾರ್ದು ಅಮ್ಮಾವ್ರೆ. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಹಾಕೋದೇ," ಎಂದರು ಅಪ್ಪ.

"ಅವಳಿನ್ನೂ ಬಂದೇ ಇಲ್ಲ. ಈ ಗುಡ್ಡ ಕಂಡವಳಲ್ಲ. ಮುಚ್ಚಿದ ಬಾಗಿಲು ನೋಡಿದ್ರೆ ವಾಪಸ್ ಹೋಗ್ತಾಳೆ."

ಅಕ್ಕ ಮೆಲ್ಲನೆ ಕೇಳಿದಳು, "ನೀವು ಕರೆದ್ರಾ ಅಮ್ಮಾವ್ರೆ? ಕರೀದೆ ಇದ್ರೆ ನಮ್ಮಜ್ಜಿ ಪಕ್ಕದ ಮನೆಗೂ ಹೋಗ್ತಿರ್ಲಿಲ್ಲ."

ಅಪ್ಪ ಗದರಿಸಲು ಬಾಯಿ ತೆರೆದರು. ಅಷ್ಟರಲ್ಲಿ ದೊರೆಸಾನಿ ಅಕ್ಕನ ಕೈ ಹಿಡಿದು ಗೇಟಿನ ಕಡೆ ನಡೆದಾಗಿತ್ತು. ಅಪ್ಪನೂ ನಾನೂ ಹಿಂದೆ ಹೋದೆವು.

ಮಂಜು ಕಾಫಿ ಗಿಡಗಳ ಸೊಂಟದವರೆಗೆ ಇಳಿದಿತ್ತು. ದೊರೆಸಾನಿ ತಮ್ಮ ಭಾಷೆಯಲ್ಲಿ ತಾಯಿಯನ್ನು ಕೂಗಿದರು. ಅರ್ಥ ಗೊತ್ತಿಲ್ಲದಿದ್ದರೂ ಅಕ್ಕನೂ ಹಾಗೇ ಕೂಗಿದಳು. ಎಲೆಗಳಿಂದ ನೀರು ತೊಟ್ಟಿಕ್ಕುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಮರಳಿ ಬಂದು ಬಾಗಿಲು ತೆರೆದೆವು. ಹೊಸ್ತಿಲ ಬಳಿ ಮಲಗಿದ್ದ ಬಂಗಲೆಯ ಮುದಿ ನಾಯಿ ಎದ್ದು ಪಕ್ಕಕ್ಕೆ ಸರಿಯಿತು. ಯಾರೂ ಇಲ್ಲದ ಕಡೆ ನೋಡಿ ಬಾಲ ಅಲ್ಲಾಡಿಸಿತು. ದೊರೆಸಾನಿ ಒಳಗೆ ನೋಡಲಿಲ್ಲ.

"ಈಗ ಬಾಗಿಲು ಹಾಕು. ಉಣ್ಣಲಿ," ಎಂದರು ಅಪ್ಪನಿಗೆ.

ಮೊಮ್ಮಕ್ಕಳೇ, ಈಗ ನೀವು ಕಳಸದ ಟೆಲಿಫೋನ್ ಬೂತಿಗೆ ಹೋದರೆ ಯಾವ ದೇಶದಿಂದಲಾದರೂ ದನಿ ಕೇಳಿಬರುತ್ತದೆ. ನಮಗೆ ಗೇಟಿನವರೆಗೆ ಹೋಗಿ ಕೂಗುವುದಷ್ಟೇ ಗೊತ್ತಿತ್ತು. ಅಕ್ಕ ತೀರಿಕೊಂಡ ಮೇಲೆ ನಮ್ಮ ಹಿರಿಯರಿಗೆ ಎಡೆ ಇಡುವ ಮೊದಲ ಹಬ್ಬ ಇದು. ಎಡೆ ಇಡುವ ದಿನ ನೀವೂ ನನ್ನ ಜೊತೆ ಹೊರಗೆ ಬನ್ನಿ. ನನ್ನ ದನಿ ಏಳದಿದ್ದರೆ ನೀವು ಕೂಗಿ. ದೊಡ್ಡಜ್ಜಿ ಎಂದರೆ ಸಾಕು, ಅವಳಿಗೆ ನಿಮ್ಮ ದನಿ ಗೊತ್ತು.